ಬೀರುವಿನ ಹಿಂದಿನ ಬೋರ್ಡು

ನಮ್ಮ ಊರಿನ ಸಣ್ಣ ಕೋರ್ಟಿನಲ್ಲಿ ಹತ್ತೊಂಬತ್ತು ವರ್ಷ ಬೆಂಚ್ ಕ್ಲರ್ಕ್ ಆಗಿದ್ದವನು ನಾನು, ಹಾಲಪ್ಪ. ಕೊಲೆ, ದರೋಡೆ, ಆಸ್ತಿ ಜಗಳ ಇವೆಲ್ಲ ಹೊಳೆಯಾಚೆಯ ದೊಡ್ಡ ಕೋರ್ಟಿಗೆ ಹೋಗುತ್ತವೆ. ನಮ್ಮಲ್ಲಿಗೆ ಬರುವುದು ದೀಪವಿಲ್ಲದ ಸೈಕಲ್ಲು, ಬೀದಿಗೆ ಚೆಲ್ಲಿದ ಮುಸುರೆ ನೀರು, ಪಾರ್ಕಿಗೆ ನುಗ್ಗಿದ ಮೇಕೆ, ಇಂಥವು. ಶಿಕ್ಷೆಯೂ ಅಷ್ಟೇ ಸಣ್ಣದು. ತಪ್ಪು ಒಪ್ಪಿಕೊಂಡವರು ಸಾಯಂಕಾಲ ಕೋರ್ಟು ಏಳುವವರೆಗೆ ಎಡಗಡೆಯ ಗೋಡೆಯ ಪಕ್ಕ ಒರಗದೆ ನಿಂತಿರಬೇಕು. ಐದು ಗಂಟೆಗೆ ಮ್ಯಾಜಿಸ್ಟ್ರೇಟರು ಎದ್ದರೆ ಅವರಿಗೂ ಬಿಡುಗಡೆ, ನನಗೂ ಬಿಡುಗಡೆ.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ. ನಮ್ಮ ಕೋರ್ಟಿನಲ್ಲಿ ಒಪ್ಪಿಕೊಂಡದ್ದು ಆಗಿಬಿಡುತ್ತದೆ. ನಾನು ಕೆಲಸಕ್ಕೆ ಸೇರಿದ ವರ್ಷವೇ ಒಬ್ಬ ಟೈಲರು, ತನ್ನ ಮೇಕೆ ಪಾರ್ಕಿನ ಗುಲಾಬಿ ಗಿಡ ತಿಂದಿತೆಂದು ಒಪ್ಪಿಕೊಂಡ. ಅವನ ಹತ್ತಿರ ಮೇಕೆಯೇ ಇರಲಿಲ್ಲ. ಸಾಯಂಕಾಲ ಮನೆಗೆ ಹೋದರೆ ಹಿತ್ತಲಲ್ಲಿ ಮೇಕೆ ಕಟ್ಟಿದೆ, ಹೆಂಡತಿ ಹಾಲು ಕರೆಯುತ್ತಿದ್ದಾಳೆ. "ಮೂರು ವರ್ಷದಿಂದ ಇರೋ ಮೇಕೆ ಕಣ್ರೀ, ಇವತ್ತೇನು ಹೊಸದಾಗಿ ನೋಡ್ತಿದೀರಾ" ಎಂದಳಂತೆ. ಒಪ್ಪಿಕೊಳ್ಳುವಾಗ ಕೋರ್ಟ್ ಹಾಲ್‌ನಲ್ಲಿ ಇದ್ದವರಿಗೆ ಮಾತ್ರ ಮೊದಲು ಹೇಗಿತ್ತು ಎನ್ನುವುದು ನೆನಪಿರುತ್ತದೆ. ಉಳಿದ ಊರಿಗೆಲ್ಲ ಮೇಕೆ ಮೊದಲಿಂದಲೂ ಇದ್ದದ್ದೇ.

ಸೋಡಾ ಅಂಗಡಿ ಕರಿಬಸಪ್ಪನದು ಇನ್ನೂ ಚೆನ್ನಾಗಿದೆ. ನಡುಬೀದಿಯಲ್ಲಿ ತಮ್ಮನ ಜೊತೆ ಹೊಡೆದಾಡಿದ ಎಂದು ಅವನ ಮೇಲೆ ಕೇಸು. ಅವನು ತಂದೆ ತಾಯಿಗೆ ಒಬ್ಬನೇ ಮಗ. ನಾನೇ, "ಯಾಕೆ ಹತ್ತು ಸಲ ಓಡಾಡ್ತೀಯ ಮಾರಾಯ, ಒಪ್ಪಿದೆ ಅಂದ್ಬಿಡು" ಎಂದಿದ್ದೆ. ಅಂದ. ಮನೆಗೆ ಹೋಗುವ ಹೊತ್ತಿಗೆ ಅಂಗಡಿಯ ಅರ್ಧದಲ್ಲಿ ಮರುಳಪ್ಪ ಎಂಬ ತಮ್ಮ ಕೂತಿದ್ದಾನೆ, ಬೀದಿ ಜಗಳ ಆದಾಗಿನಿಂದ ಅಣ್ಣನ ಜೊತೆ ಮಾತು ಬಿಟ್ಟವನು. ಹನ್ನೊಂದು ವರ್ಷವಾಯಿತು, ಇಬ್ಬರೂ ಒಂದೇ ಅಂಗಡಿಯಲ್ಲಿ ಬೆನ್ನು ತಿರುಗಿಸಿಕೊಂಡು ಸೋಡಾ ಮಾರುತ್ತಾರೆ. ನಿಂಬೆಹಣ್ಣು ಅವನ ಹತ್ತಿರ, ಉಪ್ಪು ಇವನ ಹತ್ತಿರ, ನಾವು ಗ್ಲಾಸು ಹಿಡಿದುಕೊಂಡು ಎರಡೂ ಕಡೆ ಹೋಗಬೇಕು.

ಊರು ಇದಕ್ಕೆಲ್ಲ ಒಗ್ಗಿಹೋಗಿತ್ತು. ಕೋರ್ಟಿಗೆ ಹೊರಟವರು ಮನೆಯವರಿಗೆ, "ಬರೋ ಹೊತ್ತಿಗೆ ನಾನು ಏನಾದ್ರೂ ಪೆಕರನ ಹಾಗೆ ಕೇಳಿದ್ರೆ ಬೇಜಾರು ಮಾಡ್ಕೋಬೇಡಿ" ಎಂದು ಹೇಳಿ ಹೋಗುತ್ತಿದ್ದರು. ನಾನಂತೂ ತಲೆ ಕೆಡಿಸಿಕೊಂಡವನೇ ಅಲ್ಲ. ಕಟಕಟೆಗೆ ಬಂದವರೆಲ್ಲ ಮಾಡಿಲ್ಲ ಎನ್ನುವವರೇ. ಮೇಕೆ ಇಲ್ಲ ಅಂತಿದ್ದೆಯಲ್ಲ, ಈಗ ಇದೆಯಲ್ಲ ಎಂದು ಆ ಟೈಲರನ್ನು ನಾನು ಎಷ್ಟೋ ಸಲ ರೇಗಿಸಿದ್ದೇನೆ. ನಿಜವಾಗಿ ಮಾಡಿದವರು ಬೇರೆ ಥರದವರು. ಅವರು ಕರಿಕೋಟಿನ ವಕೀಲರನ್ನು ಮುಂದಿಟ್ಟುಕೊಂಡು ಬರುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ, ವಾಯಿದೆಯ ಮೇಲೆ ವಾಯಿದೆ ಕೇಳಿ ಕೇಸು ಹಳಸುವವರೆಗೆ ಎಳೆಯುತ್ತಿದ್ದರು. ಅವರಿಗೆ ಬೀರುವಿನ ಹಿಂದೆ ಏನಿದೆ ಎನ್ನುವುದು ಗೊತ್ತಿತ್ತು.

ಬೀರುವಿನ ವಿಷಯ ಹೇಳಬೇಕು. ಎಡಗೋಡೆಯ ಮೇಲೆ ಒಂದು ಮರದ ಬೋರ್ಡು ಇತ್ತು. ಬಿಳಿ ಬಣ್ಣದ ಮೇಲೆ ನೀಲಿ ಅಕ್ಷರ. ಆರೋಪಿಗೆ ಏನೇನು ಹಕ್ಕಿದೆ ಎಂದು ಯಾರೋ ಪುಣ್ಯಾತ್ಮರು ಬರೆಸಿ ಹಾಕಿದ್ದರು. ಬಂದವರು ಅದರ ಮುಂದೆ ನಿಂತು ಓದುವುದು, ಓದಿದ್ದನ್ನು ಪಕ್ಕದವರಿಗೆ ಹೇಳುವುದು, ಆಮೇಲೆ ನನ್ನ ಮೇಜಿಗೆ ಬಂದು ಅದು ಯಾಕೆ ಇದು ಯಾಕೆ ಎಂದು ತಲೆ ತಿನ್ನುವುದು. ದಿನಕ್ಕೆ ಹದಿನಾರು ಕೇಸು ಮುಗಿಸಬೇಕಾದವನು ಎಷ್ಟು ಜನಕ್ಕೆ ಉತ್ತರ ಹೇಳಲಿ? ಮೂರನೆಯ ವರ್ಷ ಸುಣ್ಣ ಬಳಿಯುವ ನೆಪ ಬಂತು. ಹಳೆಯ ರಿಜಿಸ್ಟರುಗಳ ಕಬ್ಬಿಣದ ಬೀರುವನ್ನು ನಾಲ್ಕು ಜನರ ಕೈಲಿ ಎಳೆಸಿ ಆ ಬೋರ್ಡಿನ ಮುಂದೆ ನಿಲ್ಲಿಸಿದೆ. ಕೆಲಸ ಸಲೀಸಾಯಿತು. ಮೂರು ಮ್ಯಾಜಿಸ್ಟ್ರೇಟರು ನನ್ನನ್ನು ಹೊಗಳಿ ವರ್ಗವಾಗಿ ಹೋದರು.

ಇನ್ನು ಕೆಂಪು ಪೆನ್ಸಿಲ್ಲು. ಆರೋಪ ಪಟ್ಟಿ ಅಚ್ಚು ಹಾಕಿದ ಹಾಳೆ. ಮೇಲ್ಗಡೆ ಪೊಲೀಸಿನವರು ಹೆಸರು, ವಿಳಾಸ, ತಪ್ಪು ಬರೆಯುತ್ತಾರೆ. ಕೆಳಗಡೆ ಮೂರು ಸಾಲು ಮೊದಲೇ ಅಚ್ಚಾಗಿರುತ್ತವೆ. ಇದರಿಂದ ಯಾರಿಗೂ ತೊಂದರೆಯಾಗಿಲ್ಲ ಎಂಬುದು ಒಂದು. ಸಾರ್ವಜನಿಕ ಸ್ವತ್ತು ಹಾಳಾಗಿದೆ ಎಂಬುದು ಇನ್ನೊಂದು. ದಾರಿಹೋಕರೊಬ್ಬರಿಗೆ ಪೆಟ್ಟಾಗಿ ಅಂಗ ಊನವಾಗಿದೆ ಎಂಬುದು ಮೂರನೆಯದು. ಬೇಡವಾದ ಸಾಲುಗಳನ್ನು ಹೊಡೆದುಹಾಕುವುದು ಬೆಂಚ್ ಕ್ಲರ್ಕಿನ ಕೆಲಸ. ದಿನಾ ಬೆಳಿಗ್ಗೆ ಮರದ ಸ್ಕೇಲು ಇಟ್ಟು ಕೆಂಪು ಪೆನ್ಸಿಲ್ಲಿನಲ್ಲಿ ಕೆಳಗಿನ ಎರಡು ಸಾಲು ಎಳೆದು ಹೊಡೆಯುತ್ತಿದ್ದೆ. ಒಪ್ಪಿಕೊಂಡದ್ದೆಲ್ಲ ಆಗುವ ಊರಿನಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇನ್ನೊಂದಿಲ್ಲ ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ನಾನು ಅದನ್ನು ತರಕಾರಿ ಹೆಚ್ಚುವ ಹಾಗೆ ಮಾಡುತ್ತಿದ್ದೆ.

ಆ ದಿನ ಹನ್ನೊಂದು ಗಂಟೆ ದಾಟಿತ್ತು. ಏಳನೆಯ ಹೆಸರು ದೇವೀರಮ್ಮ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿ ನಿವೃತ್ತಿಯಾದ ಹೆಂಗಸು, ಅರವತ್ತೈದರ ಮೇಲಿನ ವಯಸ್ಸು, ಸೈಕಲ್ ಶಾಪಿನ ಮಹಡಿಯಲ್ಲಿ ಒಬ್ಬಳೇ ಇದ್ದಳು. ಬೀದಿಯ ಕಡೆಯ ಅಡ್ಡಗೋಡೆಯ ಮೇಲೆ, ದಾರಿಹೋಕರಿಗೆ ಅಪಾಯವಾಗುವಂತೆ, ಗಿಡದ ಕುಂಡ ಇಟ್ಟಿದ್ದಾಳೆ ಎಂದು ಕೇಸು. ಕಟಕಟೆ ಹತ್ತಿ ಸೆರಗು ಸರಿಮಾಡಿಕೊಂಡು ನಿಂತಳು.

"ನನ್ನ ಕುಂಡ ಎಲ್ಲಾ ಕಿಟಕಿ ಸರಳಿನ ಒಳಗಡೆ ಇರೋದು ಸ್ವಾಮಿ" ಎಂದಳು. "ಅದ್ರಲ್ಲಿ ಏನೇನು ಬರ್ದಿದೆ, ಪೂರ್ತಿ ಓದಿ ಹೇಳಿ."

ನಾನು ಹಾಳೆ ನೋಡಿದೆ. ಕೆಳಗಿನ ಮೂರು ಸಾಲು ಹಾಗೇ ಇದ್ದವು. ಬೆಳಿಗ್ಗೆ ಮೇಜಿನ ಮೇಲೆ ಟೀ ಚೆಲ್ಲಿ ಎರಡು ಹಾಳೆ ಅಂಟಿಕೊಂಡಿದ್ದವು, ನನ್ನ ಪೆನ್ಸಿಲ್ಲು ಮೇಲಿನದನ್ನು ಮಾತ್ರ ಮುಟ್ಟಿತ್ತು. ಇದನ್ನು ನಾನು ನೋಡಲೇ ಇಲ್ಲ ಎಂದು ಹೇಳಿಕೊಳ್ಳಬಹುದು. ನೋಡಿದೆ. ಕಣ್ಣಾರೆ ನೋಡಿದೆ. ಪೆನ್ಸಿಲ್ಲು ಡ್ರಾಯರಿನಲ್ಲಿತ್ತು, ಡ್ರಾಯರು ಸ್ವಲ್ಪ ಬಿಗಿ, ಇನ್ನೂ ಒಂಬತ್ತು ಜನ ಹೊರಗೆ ಕಾಯುತ್ತಿದ್ದರು. ಆಮೇಲೆ ಹೊಡೆದರಾಯಿತು ಎಂದುಕೊಂಡೆ.

"ಓದೋಕೆ ಏನಿದೆ ಅಮ್ಮಾ, ಕುಂಡದ ಕೇಸು" ಎಂದೆ. "ಒಪ್ಪಿದೆ ಅನ್ನಿ, ಸಾಯಂಕಾಲ ಮನೆಗೆ ಹೋಗಿ. ಇಲ್ಲದಿದ್ದರೆ ತಿಂಗಳಿಗೊಂದು ಸಲ ಮೆಟ್ಟಿಲು ಹತ್ತಬೇಕಾಗುತ್ತೆ, ನಿಮ್ಮ ಮಂಡಿಗೆ ಯಾಕೆ ಬೇಕು."

ನಾಲ್ಕು ತಿಂಗಳ ಹಿಂದೆ ವರ್ಗವಾಗಿ ಬಂದಿದ್ದ ಮಂದಾಕಿನಿ ಮೇಡಂ ಪೀಠದಲ್ಲಿ ತಲೆ ತಗ್ಗಿಸಿ ಹಿಂದಿನ ಕೇಸಿನ ಆದೇಶ ಬರೆಯುತ್ತಿದ್ದರು. ಅವರಿಗೆ ನಾನು ಗೊಣಗಿದ್ದು ಕೇಳಿಸಲಿಲ್ಲ. ದೇವೀರಮ್ಮ ಒಂದು ಸಲ ತನ್ನ ಮಂಡಿ ನೋಡಿಕೊಂಡಳು, ಒಂದು ಸಲ ನನ್ನ ಮುಖ ನೋಡಿದಳು.

"ಒಪ್ಪಿದೆ" ಎಂದಳು.

ನಾನು ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡು ಹಾಳೆಯ ಅಂಚಿನಲ್ಲಿ ಹನ್ನೊಂದೂ ಹತ್ತು ಎಂದು ಬರೆದೆ. ದೇವೀರಮ್ಮ ಹೋಗಿ ಬೀರುವಿನ ಪಕ್ಕ ನಿಂತಳು. ಮುಂದಿನವರನ್ನು ಕೂಗಿಸಿದೆ. ಒಂದೂವರೆಯೊಳಗೆ ಹದಿನಾರೂ ಮುಗಿದವು, ಹದಿನಾರೂ ಜನ ಸಾಲಾಗಿ ನಿಂತಿದ್ದರು. ಮೇಡಂ ಊಟಕ್ಕೆ ಎದ್ದರು. ಅದು ಊಟದ ಬಿಡುವು ಅಷ್ಟೇ, ಕೋರ್ಟು ಎದ್ದ ಲೆಕ್ಕವಲ್ಲ. ಕಾವಲಿಗೆ ಕಾನ್‌ಸ್ಟೇಬಲ್ ರುದ್ರೇಶಿಯನ್ನು ಬಿಟ್ಟು ನಾನೂ ಮನೆಗೆ ಹೊರಟೆ.

ನಮ್ಮ ಮನೆ ಕೋರ್ಟಿನಿಂದ ಎರಡು ಬೀದಿ ಆಚೆ. ಮುಂದಿನ ಕೋಣೆಯೇ ನನ್ನ ಹೆಂಡತಿ ಸರ್ವಮಂಗಳಳ ಗಡಿಯಾರ ರಿಪೇರಿ ಅಂಗಡಿ. ಅವಳಪ್ಪನಿಂದ ಕಲಿತ ಕೆಲಸ. ಬಲಗಣ್ಣಿಗೆ ಕರೀ ಮಸೂರ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಹಿಡಿದು ಕೂತಳೆಂದರೆ ನಾನು ಬಂದದ್ದೂ ಗೊತ್ತಾಗುವುದಿಲ್ಲ. ಗೋಡೆಯ ತುಂಬ ಗಡಿಯಾರ. ಆ ಟಿಕಟಿಕಕ್ಕೆ ನನ್ನ ಕಿವಿ ಎಷ್ಟು ಹೊಂದಿಕೊಂಡಿತ್ತೆಂದರೆ ಅವತ್ತು ಹೊಸಿಲು ದಾಟಿದ ತಕ್ಷಣ ಕಿವುಡಾದೆನೇನೋ ಅನ್ನಿಸಿತು. ಗೋಡೆ ಖಾಲಿ. ರಿಪೇರಿ ಮೇಜಿನ ಮೇಲೆ ಹಪ್ಪಳ ಒಣಹಾಕಿತ್ತು.

ಸರ್ವಮಂಗಳ ಒಳಗಿನಿಂದ ಬಂದಳು. "ಬಂದ್ರಾ, ಕೂತ್ಕೊಳ್ಳಿ" ಎಂದು ತಟ್ಟೆ ಹಾಕಿದಳು. ಅನ್ನ ಬಡಿಸಿದಳು. ಲೋಟಕ್ಕೆ ನೀರು ಹಾಕುವಾಗ ಎಡಗೈ ಬೆರಳನ್ನು ಲೋಟದ ಕಂಠದ ಮೇಲೆ ಇಟ್ಟು, ಬೆರಳಿಗೆ ತಾಗಿಸಿಕೊಂಡು ಚೊಂಬು ಬಗ್ಗಿಸಿದಳು. ಕಣ್ಣು ಕಾಣದವರು ಮಾಡುವ ಹಾಗೆ. ತಲೆ ಎತ್ತಿ ಅವಳ ಮುಖ ನೋಡಿದೆ. ಬಲಗಣ್ಣಿನ ಜಾಗದಲ್ಲಿ ರೆಪ್ಪೆ ಒಳಕ್ಕೆ ಹೋಗಿ ಹೊಲಿದ ಹಾಗೆ ಮುಚ್ಚಿತ್ತು. ಹುಬ್ಬಿನಿಂದ ಕೆನ್ನೆಯವರೆಗೆ ಒಂದು ಗೆರೆ, ಹಳೆಯದಾಗಿ ಬೆಳ್ಳಗಾದ ಗಾಯದ ಗುರುತು.

ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಬೆಳಿಗ್ಗೆ ಒಂಬತ್ತು ಗಂಟೆಗೆ ಈ ಹೆಂಗಸು ಎರಡು ಕಣ್ಣಿನಿಂದ ನನ್ನನ್ನು ನೋಡಿ, ಅಂಗಿಯ ಗುಂಡಿ ಮೇಲೆಕೆಳಗಾಗಿದೆ ಎಂದು ನಕ್ಕಿದ್ದಳು.

"ಯಾಕ್ರೀ ಹಾಗೆ ನೋಡ್ತೀರಾ" ಎಂದಳು, "ಹೊಸಬರನ್ನ ನೋಡೋ ಹಾಗೆ."

"ನಿನ್ನ ಕಣ್ಣು" ಎಂದೆ.

"ನೋಯ್ತಿಲ್ಲ, ಇವತ್ತು ಪರವಾಗಿಲ್ಲ" ಎಂದು ಸೊಪ್ಪಿನ ಪಲ್ಯ ಬಡಿಸಿದಳು. ತಟ್ಟೆಯ ಅಂಚಿಗೆ ಬಿತ್ತು. "ಇನ್ನೂ ಅಂದಾಜು ಸಿಗಲ್ಲ ನೋಡಿ. ಎಂಟು ತಿಂಗಳಾಯ್ತು. ದೂರ ಯಾವುದು ಹತ್ತಿರ ಯಾವುದು ಅಂತ ಒಂದೇ ಕಣ್ಣಿಗೆ ತಿಳಿಯಲ್ವಂತೆ, ಡಾಕ್ಟ್ರು ಹೇಳಿದ್ರಲ್ಲ."

"ಹೇಗಾಯ್ತು ಇದು?"

ಅವಳು ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು. "ಸೈಕಲ್ ಶಾಪಿನ ಮುಂದೆ ಬರ್ತಿದ್ದೆ, ಮೇಲಿಂದ ದೇವೀರಮ್ಮನ ತುಳಸಿ ಕುಂಡ ಬಿತ್ತು. ನೀವೇ ಅಲ್ವಾ ಆಸ್ಪತ್ರೆಗೆ ಎತ್ಕೊಂಡು ಹೋಗಿದ್ದು? ಜ್ವರ ಬಂದಿದ್ಯಾ ನಿಮಗೆ?" ಎಂದಳು. ಆಮೇಲೆ ನನ್ನ ಕೈಗಡಿಯಾರ ನೋಡಿ, "ಅದನ್ನ ಯಾಕೆ ಕಟ್ಕೊಂಡು ಓಡಾಡ್ತೀರಾ, ನಿಂತುಹೋಗಿ ಎಷ್ಟು ದಿನ ಆಯ್ತು. ನನ್ನ ಕೈಲಂತೂ ಇನ್ನು ಆಗಲ್ಲ, ಬೇರೆ ಯಾರಿಗಾದ್ರೂ ಕೊಡಿ" ಎಂದಳು.

ಮುಳ್ಳು ಹನ್ನೊಂದೂ ಹತ್ತರ ಮೇಲೆ ನಿಂತಿತ್ತು. ಹಾಳೆಯ ಆ ಮೂರನೆಯ ಸಾಲು ಕಣ್ಣಿಗೆ ಕಟ್ಟಿತು. ಊರಿಗೆ ಒಬ್ಬ ದಾರಿಹೋಕ ಬೇಕಾಗಿದ್ದ, ನನ್ನ ಹೆಂಡತಿ ಸಿಕ್ಕಿದ್ದಳು. ಯಾಕೆ ಅವಳೇ ಎಂದರೆ ನಾನು ಏನು ಹೇಳಲಿ. ಟೈಲರಿಗೆ ಯಾಕೆ ಆ ಮೇಕೆಯೇ ಬಂತು ಎಂದು ನಾನು ಯಾವತ್ತಾದರೂ ಕೇಳಿದ್ದೆನೆ?

ಕೈ ತೊಳೆಯದೆ ಎದ್ದು ಓಡಿದೆ. ಐವತ್ತರ ಹತ್ತಿರ ಬಂದವನು ನಡುಬೀದಿಯಲ್ಲಿ ಎಂಜಲುಗೈಯಲ್ಲಿ ಓಡುತ್ತಿದ್ದರೆ ಜನ ನಿಂತು ನೋಡಿದರು. ಕೋರ್ಟು ಎದ್ದುಬಿಟ್ಟರೆ ಮುಗಿಯಿತು, ಒಪ್ಪಿದ ಮಾತು ಕಲ್ಲಾಗುತ್ತದೆ, ಅದು ನನಗೆ ಗೊತ್ತಿತ್ತು. ಏಳುವ ಮೊದಲು ಏನೋ ಒಂದು ದಾರಿ ಇದೆ ಎಂದೂ ಗೊತ್ತಿತ್ತು. ಹದಿನಾರು ವರ್ಷದ ಹಿಂದೆ ಓದಿದ್ದೆ, ಆ ಬೋರ್ಡಿನ ಕೊನೆಯ ಸಾಲಿನಲ್ಲಿ.

ಕೋರ್ಟ್ ಹಾಲ್‌ಗೆ ಬಂದಾಗ ಎರಡೂಕಾಲು. ಹದಿನಾರು ಜನ ಕಾಲು ಬದಲಿಸುತ್ತ ನಿಂತಿದ್ದರು. ದೇವೀರಮ್ಮನ ಮುಂದೆ ಹೋಗಿ ನಿಂತು, ಮನೆಯಲ್ಲಿ ಕಂಡದ್ದನ್ನು ಹೇಳಿದೆ. ಹೇಗೆ ಹೇಳಿದೆನೋ, ಉಸಿರು ಸಿಗುತ್ತಿರಲಿಲ್ಲ.

"ನನ್ನ ಕುಂಡನಾ? ಆ ತುಳಸಿ?" ಎಂದಳು. "ಗಡಿಯಾರದ ಮಂಗಳಮ್ಮಂಗಾ? ಅಯ್ಯೋ, ಮೂವತ್ತು ವರ್ಷ ನಾನು ಕೂಸುಗಳ ಕಣ್ಣು ಒರೆಸಿದೋಳು ಕಣಪ್ಪ." ಗೋಡೆಗೆ ಕೈ ಕೊಟ್ಟಳು. ಒರಗಬಾರದು ಎಂದು ರುದ್ರೇಶಿ ಬಾಯಿ ತೆರೆದವನು ನನ್ನ ಮುಖ ನೋಡಿ ಸುಮ್ಮನಾದ.

"ಮೇಡಂ ಬಂದ ಮೇಲೆ ನನ್ನ ಮಾತು ವಾಪಸ್ ತಗೋತೀನಿ ಅನ್ನಿ ಅಮ್ಮಾ" ಎಂದೆ. "ಕಾಲಿಗೆ ಬೀಳ್ತೀನಿ."

ಅವಳ ದನಿ ಬದಲಾಯಿತು. "ಬೆಳಿಗ್ಗೆ ಒಪ್ಕೋ ಅಂದೋನೂ ನೀನೇ. ಈಗ ಒಪ್ಬೇಡ ಅನ್ನೋನೂ ನೀನೇ. ಪೂರ್ತಿ ಓದು ಅಂದೆ, ಓದಿದ್ಯಾ? ಈಗ ನೀನು ಹೇಳ್ದಂಗೆ ಅಂದು, ಅದರಿಂದ ಇನ್ನೊಬ್ಬರ ಕಣ್ಣು ಹೋದ್ರೆ? ನಿನ್ನ ಬಾಯಿ ಮಾತು ನಂಗೆ ಬೇಡ. ವಾಪಸ್ ತಗೋಬಹುದು ಅಂತ ಎಲ್ಲಿ ಬರ್ದಿದೆ, ತೋರ್ಸು."

ನಾನು ಬೀರುವಿನ ಕಡೆ ನೋಡಿದೆ. ಹೆಗಲು ಕೊಟ್ಟು ನೂಕಿದೆ. ಹದಿನಾರು ವರ್ಷದ ರಿಜಿಸ್ಟರು ತುಂಬಿದ ಬೀರು, ಅಲುಗಲೂ ಇಲ್ಲ. ಎರಡನೆಯ ಸಲ ನೂಕುವಾಗ ಪಕ್ಕದಲ್ಲಿ ಇನ್ನೊಂದು ಹೆಗಲು ಬಂತು, ಮುಸುರೆ ನೀರಿನ ಕೇಸಿನ ಹೋಟೆಲು ಮಾಣಿಯದು. ಆಮೇಲೆ ದೀಪವಿಲ್ಲದ ಸೈಕಲ್ಲಿನವನು. ಆಮೇಲೆ ರುದ್ರೇಶಿಯೂ ಟೋಪಿ ತೆಗೆದಿಟ್ಟು ಬಂದ. ಕಬ್ಬಿಣ ನೆಲ ಕೆರೆಯುತ್ತ ಪಕ್ಕಕ್ಕೆ ಸರಿಯಿತು. ಜೇಡರ ಬಲೆಯ ಹಿಂದೆ ನೀಲಿ ಅಕ್ಷರ ಇದ್ದಲ್ಲೇ ಇತ್ತು, ಒಂದೂ ಮಾಸಿರಲಿಲ್ಲ. ದೇವೀರಮ್ಮ ಸೆರಗಿನಿಂದ ಬಲೆ ಒರೆಸಿ, ಅಕ್ಷರದ ಕೆಳಗೆ ಬೆರಳಿಟ್ಟು, ಶಾಲೆಯ ಮಕ್ಕಳ ಹಾಗೆ ಜೋರಾಗಿ ಓದಿದಳು. ಆರೋಪವನ್ನು ಮೊದಲಿಂದ ಕೊನೆಯವರೆಗೆ ನಿಮಗೆ ತಿಳಿಯುವ ಮಾತಿನಲ್ಲಿ ಓದಿಸಿಕೊಳ್ಳಬಹುದು. ನೀವು ಏನೂ ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಒಪ್ಪಿದಂತಲ್ಲ. ವಕೀಲರನ್ನು ಕೇಳಬಹುದು, ಗತಿ ಇಲ್ಲದಿದ್ದರೆ ಕೋರ್ಟೇ ಕೊಡುತ್ತದೆ. ಯೋಚಿಸಲು ಕಾಲಾವಕಾಶ ಕೇಳಬಹುದು. ಒಪ್ಪಿದ ಮಾತನ್ನು ನಿಮ್ಮಿಂದ ಯಾರಾದರೂ ಹೇಳಿಸಿದ್ದರೆ, ಅದು ರುಜುವಾತಾದಲ್ಲಿ, ಕೋರ್ಟು ಏಳುವ ಮೊದಲು ಹಿಂದಕ್ಕೆ ತೆಗೆದುಕೊಳ್ಳಬಹುದು.

ಹೋಟೆಲು ಮಾಣಿ, "ಇದು ಇಲ್ಲೇ ಇತ್ತಾ?" ಎಂದ. ನಾನು ಡ್ರಾಯರಿನ ಕಡೆ ಮುಖ ಮಾಡಿದೆ.

ಮೇಡಂ ಬಂದದ್ದು ಮೂರೂವರೆಗೆ. ಮುಂದಿನ ವಾರದ ಸಮನ್ಸುಗಳಿಗೆ ಸಹಿ ಹಾಕುವುದರಲ್ಲಿ ನಾಲ್ಕಾಯಿತು. ನಡುವೆ ಮಾತಾಡಿದರೆ ಗದರುವ ಸ್ವಭಾವ, ನಾನು ಬೆವರುತ್ತ ನಿಂತಿದ್ದೆ. ಪೆನ್ನು ಮುಚ್ಚಿ ತಲೆ ಎತ್ತಿದಾಗ ಅವರ ಕಣ್ಣು ಬೋರ್ಡಿನ ಮೇಲೆ ಬಿತ್ತು. ಕನ್ನಡಕ ಏರಿಸಿಕೊಂಡು ಓದಿದರು. ದೇವೀರಮ್ಮ ಸಾಲು ಬಿಟ್ಟು ಮುಂದೆ ಬಂದಳು.

"ತಾಯಿ, ಬೆಳಿಗ್ಗೆ ನಾನು ಒಪ್ಪಿದೆ ಅಂದ ಮಾತು ವಾಪಸ್ ತಗೋತೀನಿ" ಎಂದಳು. "ಅದು ನನ್ನ ಮಾತಲ್ಲ, ಹೇಳಿಸಿದ್ದು."

"ಯಾರು ಹೇಳಿಸಿದ್ದು?" ಎಂದು ಮೇಡಂ ಕೇಳಿದರು.

ದೇವೀರಮ್ಮ ಬೋರ್ಡು ತೋರಿಸಿದಳು. "ಸುಮ್ಮನಿರಬಹುದು ಅಂತ ಬರ್ದಿದೆಯಲ್ಲ. ನಾನು ಸುಮ್ಮನಿರ್ತೀನಿ. ಅವರ ಮನೇಲಿ ಕಣ್ಣು ಹೋಗಿದೆ, ಕೆಲಸಾನೂ ನಾನೇ ಕಿತ್ಕೊಳ್ಳಲಾ? ಹೇಳೋದಿದ್ರೆ ಹೇಳಿಸಿದೋರೇ ಹೇಳ್ಲಿ."

"ಯಾರು ಅಂತ ಗೊತ್ತಾಗದೆ ನಾನು ಮಾತು ಹಿಂದಕ್ಕೆ ಬಿಡೋಕೆ ಆಗಲ್ಲ ಅಮ್ಮ. ಐದು ಗಂಟೆಗೆ ಎದ್ದೇಳ್ಬೇಕು."

ನಾಚಿಕೆಯನ್ನು ಹೇಳಿಕೊಂಡೇಬಿಡುತ್ತೇನೆ. ಆ ಕ್ಷಣದಲ್ಲೂ ನನಗೆ ಪೆನ್ಷನ್ನು ನೆನಪಾಯಿತು. ಆಮೇಲೆ ಲೋಟದ ಕಂಠದ ಮೇಲಿನ ಬೆರಳು ನೆನಪಾಯಿತು. ಎದ್ದು ಹೋಗಿ ಕಟಕಟೆ ಹತ್ತಿದೆ. ಹತ್ತೊಂಬತ್ತು ವರ್ಷ ಮೂರು ಮಾರು ದೂರದಿಂದ ನೋಡಿದ್ದೆನೇ ಹೊರತು ಒಳಗೆ ನಿಂತಿರಲಿಲ್ಲ. ಕಂಬಿ ಸವೆದು ನುಣ್ಣಗಾಗಿತ್ತು, ಜನ ಹಿಡಿದು ಹಿಡಿದು.

"ನಾನು ಮೇಡಂ" ಎಂದೆ.

"ತಡೀರಿ ಹಾಲಪ್ಪನವರೇ" ಎಂದರು ಅವರು. "ನೀವೀಗ ಆರೋಪಿ. ಮೊದಲು ಇದನ್ನ ಕೇಳಿಸ್ಕೊಳ್ಳಿ." ಬೋರ್ಡಿನ ಕಡೆ ತಿರುಗಿ ಒಂದೊಂದೇ ಸಾಲು ನನಗೆ ಓದಿ ಹೇಳಿದರು. ನೀವು ಏನೂ ಹೇಳಬೇಕಾಗಿಲ್ಲ. ಸುಮ್ಮನಿದ್ದರೆ ಒಪ್ಪಿದಂತಲ್ಲ. ವಕೀಲರು ಬೇಕೇ? ಸಮಯ ಬೇಕೇ? ಪ್ರತಿಯೊಂದಕ್ಕೂ ನಿಲ್ಲಿಸಿ, ತಿಳಿಯಿತೇ ಎಂದು ಕೇಳಿದರು. ಎದುರಿನ ಗೋಡೆ ಗಡಿಯಾರ ನೋಡುತ್ತಿದ್ದೆ. ಎಲ್ಲಾ ಸೇರಿ ಎರಡು ನಿಮಿಷವೂ ಹಿಡಿಯಲಿಲ್ಲ. ಇಷ್ಟನ್ನು ಉಳಿಸುವುದಕ್ಕೆ ನಾನು ಬೀರು ಎಳೆಸಿದ್ದೆ.

"ಈ ಬೋರ್ಡು ಮುಚ್ಚಿದ್ದು ನಾನು" ಎಂದೆ. "ಬಂದವರಿಗೆ ಪೂರ್ತಿ ಓದಿ ಹೇಳದೆ, ಒಪ್ಪಿದೆ ಅನ್ನಿ ಅನ್ನಿ ಅಂತ ಆತುರ ಮಾಡಿದ್ದು ನಾನು. ಇವತ್ತು ದೇವೀರಮ್ಮನವರ ಹಾಳೆಯಲ್ಲಿ ಹೊಡೆಯದ ಸಾಲು ನೋಡಿಯೂ ಸುಮ್ಮನಿದ್ದದ್ದು ನಾನು. ಒಪ್ಪಿದೆ."

ಹೇಳಿ ಕಂಬಿ ಬಿಗಿಯಾಗಿ ಹಿಡಿದುಕೊಂಡೆ. ಎಲ್ಲರೂ ಕಾದರು. ಒಪ್ಪಿದ ಮೇಲೆ ಏನೋ ಒಂದು ಆಗಲೇಬೇಕಲ್ಲ. ಕಿಟಕಿಯಾಚೆಯ ಬೇವಿನ ಮರ ಅಲ್ಲೇ ಇತ್ತು. ಬೀರು ಸರಿಸಿದಲ್ಲೇ ಇತ್ತು. ನೆಲದ ಮೇಲೆ ಕೆರೆದ ಗೆರೆ ಹಾಗೇ ಇತ್ತು. ಕೈಗಡಿಯಾರ ನೋಡಿದೆ, ಹನ್ನೊಂದೂ ಹತ್ತು. ನನಗೆ ದಿಗಿಲು ಹತ್ತಿತು. ನನ್ನ ಮಾತು ಕೋರ್ಟಿಗೆ ತಾಗಲೇ ಇಲ್ಲ, ಸರಿಯಾಗಿ ಹೇಳಲಿಲ್ಲವೇನೋ, ಮಂಗಳಳ ಕಣ್ಣು ಇನ್ನು ಬರುವುದಿಲ್ಲ ಎಂದುಕೊಂಡು, "ಏನೂ ಆಗ್ಲಿಲ್ಲ ಮೇಡಂ, ಏನೂ ಆಗ್ಲಿಲ್ಲ" ಎಂದು ಕೂಗಿಬಿಟ್ಟೆ.

"ಏನಾಗ್ಬೇಕಿತ್ತು?" ಎಂದಳು ದೇವೀರಮ್ಮ. "ಆಗಿರೋದನ್ನೇ ತಾನೆ ನೀನು ಹೇಳಿದ್ದು."

ಮೇಡಂ ನನ್ನ ಮೇಜಿನಿಂದ ದೇವೀರಮ್ಮನ ಹಾಳೆ ತರಿಸಿಕೊಂಡರು. ಕೆಂಪು ಪೆನ್ಸಿಲ್ಲು ಕೇಳಿದರು. ರುದ್ರೇಶಿ ಡ್ರಾಯರು ಜಗ್ಗಿ ತೆಗೆದುಕೊಟ್ಟ, ಅಷ್ಟೇನೂ ಬಿಗಿ ಇರಲಿಲ್ಲ. ಸ್ಕೇಲು ಇಟ್ಟು, ಒಪ್ಪಿದೆ ಎಂಬ ಮಾತಿನ ಮೇಲೆ ನಿಧಾನವಾಗಿ ಗೆರೆ ಎಳೆದರು. ಗೆರೆ ಕೊನೆ ಮುಟ್ಟಿದಾಗ ನನ್ನ ಮಣಿಕಟ್ಟಿನ ಮೇಲೆ ಏನೋ ಮಿಡಿಯಿತು. ಮೊದಲು ನಾಡಿ ಎಂದುಕೊಂಡೆ. ಕಿವಿ ಹತ್ತಿರ ಹಿಡಿದೆ. ಟಿಕ್, ಟಿಕ್, ಟಿಕ್. ನಾಲ್ಕೂ ಇಪ್ಪತ್ತೆರಡು, ಗೋಡೆ ಗಡಿಯಾರಕ್ಕೆ ಸರಿಯಾಗಿ. ಯಾವತ್ತೂ ನಿಂತೇ ಇರಲಿಲ್ಲ ಎನ್ನುವ ಹಾಗೆ ನಡೆಯುತ್ತಿತ್ತು. ನಾನು ಕಟಕಟೆಯಲ್ಲೇ ಕುಸಿದು ಕೂತು ಅತ್ತೆ. ದೇವೀರಮ್ಮ ಬಂದು ತಲೆ ಮೇಲೆ ಒಂದು ಸಲ ಕೈ ಇಟ್ಟು ಹೋದಳು.

ಉಳಿದ ಹದಿನೈದು ಜನರೂ ಒಬ್ಬೊಬ್ಬರಾಗಿ ಮಾತು ಹಿಂದಕ್ಕೆ ತೆಗೆದುಕೊಂಡರು. ನನಗೆ ಶಿಕ್ಷೆ, ಕೋರ್ಟು ಏಳುವವರೆಗೆ ನಿಲ್ಲುವುದು, ಮಾರನೆಯ ದಿನದಿಂದ ಕೆಲಸಕ್ಕೆ ಬರದಿರುವುದು. ನಿಂತೆ. ಅರ್ಧ ಗಂಟೆಗೇ ಮಂಡಿ ನೋಯುತ್ತದೆ, ಅದೂ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಕರಿಬಸಪ್ಪನ ಅಂಗಡಿ ಸಿಕ್ಕಿತು. ಅಣ್ಣತಮ್ಮಂದಿರು ಬೆನ್ನು ತಿರುಗಿಸಿಕೊಂಡು ಕೂತಿದ್ದರು. ಸೋಡಾ ಕುಡಿಯಿರಿ ಬನ್ನಿ ಎಂದು ಕರಿಬಸಪ್ಪ ಕರೆದ. ನನಗೆ ನಿಲ್ಲಲಾಗಲಿಲ್ಲ. ಅವನ ಕೋರ್ಟು ಹನ್ನೊಂದು ವರ್ಷದ ಹಿಂದೆಯೇ ಎದ್ದಿತ್ತು.

ಬೀದಿಯಿಂದಲೇ ಟಿಕಟಿಕ ಕೇಳಿಸಿತು. ಸರ್ವಮಂಗಳ ಬಲಗಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾರದೋ ಗಡಿಯಾರದ ಮೇಲೆ ಬಗ್ಗಿದ್ದಳು. ನಾನು ಹೊಸಿಲಲ್ಲಿ ನಿಂತು ನೋಡುತ್ತಲೇ ಇದ್ದೆ.

"ಯಾಕ್ರೀ ಹಾಗೆ ನೋಡ್ತೀರಾ" ಎಂದಳು ತಲೆ ಎತ್ತದೆ. "ಹೊಸಬರನ್ನ ನೋಡೋ ಹಾಗೆ."

ಅವಳ ಎದುರಿನ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳಿಗೆ ಏನೂ ನೆನಪಿರಲಿಲ್ಲ, ಹಪ್ಪಳವೂ ಇಲ್ಲ, ಕುಂಡವೂ ಇಲ್ಲ. ಮಧ್ಯದಲ್ಲಿ ಚಿಮಟ ಕೆಳಗಿಟ್ಟಳು. ಕಣ್ಣಿನ ವಿಷಯ ಬಂದಾಗ ಮಸೂರ ತೆಗೆದು, ರೆಪ್ಪೆಯ ಮೇಲೆ ಬೆರಳಿಟ್ಟು ನೋಡಿಕೊಂಡಳು. ನಾನು ಒಪ್ಪಿಕೊಂಡ ಮೇಲೆ ಏನೂ ಬದಲಾಗಲಿಲ್ಲ ಎಂದದ್ದನ್ನು ಮಾತ್ರ ಇನ್ನೊಂದು ಸಲ ಹೇಳಿಸಿದಳು. ಯಂತ್ರದ ಕೆಲಸ ಮಾಡುವವಳು, ಒಂದು ಚಕ್ರ ಇತ್ತ ತಿರುಗಿದರೆ ಇನ್ನೊಂದು ಅತ್ತ ತಿರುಗಲೇಬೇಕು ಎನ್ನುವುದು ಅವಳಿಗೆ ನನಗಿಂತ ಬೇಗ ಹೊಳೆಯುತ್ತದೆ.

"ನಿಜವಾಗಿ ಮಾಡಿದ್ದನ್ನ ಒಪ್ಪಿಕೊಂಡ್ರೆ ಏನೂ ಬದಲಾಗಲ್ಲ ಅಂತಾಯ್ತು" ಎಂದಳು.

"ಹೌದು."

"ಮತ್ತೆ ಆ ಟೈಲರ್ ಮನೆಗೆ ಮೇಕೆ ಬಂತು. ಕರಿಬಸಪ್ಪಂಗೆ ತಮ್ಮ ಬಂದ. ಒಪ್ಪಿಕೊಂಡೋರ ಮನೇಲೆಲ್ಲ ಏನಾದ್ರೂ ಒಂದು ಬದಲಾಗ್ತಾನೇ ಇತ್ತಲ್ಲ?"

ದಿನಕ್ಕೆ ಹದಿನಾರು ಹೆಸರು, ಹತ್ತೊಂಬತ್ತು ವರ್ಷ, ಬೀರು ತುಂಬ ರಿಜಿಸ್ಟರು. ಒಂದೊಂದರಲ್ಲೂ ನನ್ನ ದುಂಡು ಅಕ್ಷರದಲ್ಲಿ, ಒಪ್ಪಿದೆ, ಒಪ್ಪಿದೆ, ಒಪ್ಪಿದೆ. ಬದಲಾಗದೆ ಉಳಿದ ಮನೆ ಒಂದಾದರೂ ಇತ್ತೇ ಎಂದು ಹುಡುಕಿದೆ. ಹುಡುಕಿದಷ್ಟೂ ಮೇಕೆಗಳೇ ಸಿಕ್ಕವು.

"ಅಷ್ಟು ವರ್ಷದಲ್ಲಿ" ಎಂದು ಸರ್ವಮಂಗಳ ನನ್ನನ್ನು ಎರಡೂ ಕಣ್ಣಿನಿಂದ ನೋಡಿದಳು, "ಒಪ್ಪಿಕೊಂಡೋರಲ್ಲಿ ತಪ್ಪು ಮಾಡಿದೋರು ಒಬ್ಬರಾದ್ರೂ ಇದ್ರೇನ್ರೀ?"

"ಒಬ್ಬನಿದ್ದ" ಎಂದೆ. "ಇವತ್ತು, ನಾಲ್ಕೂ ಇಪ್ಪತ್ತಕ್ಕೆ."